ಜಗಳಕ್ಕೆ ಆರು ಇಂಗ್ಲಿಷ್ ಪದ

ಮನೆಯಿಂದ,
ಮಾರ್ಚ್ 11, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿದೆ ಎಂದು ಅಮ್ಮ ಹೇಳಿದಳು. ಹನ್ನೆರಡು ವರ್ಷ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಟ್ರಾಲಿ ತಳ್ಳಿದವನಿಗೆ ಮೂಟೆ ಯಾವ ಲೆಕ್ಕ ಎಂದು ನೀನು ಜಂಬ ಕೊಚ್ಚಿಕೊಳ್ಳುತ್ತೀಯ, ಗೊತ್ತು. ಆದರೆ ತಳ್ಳುವುದು ಬೇರೆ, ಹೊರುವುದು ಬೇರೆ. ಎಡಗಿವಿಯಲ್ಲಿ ಗುಂಯ್ ಎನ್ನುತ್ತಿದ್ದದ್ದು ನಿಂತಿತೇ? ಯಂತ್ರಗಳ ಸದ್ದಿನಿಂದ ದೂರವಾಗಿ ಮೂರು ತಿಂಗಳಾಯಿತಲ್ಲ, ನಿಂತಿರಬೇಕು. ನಿನ್ನ ಧ್ವನಿ ಮಾತ್ರ ಇಳಿದಿಲ್ಲ. ಬುಧವಾರ ನೀನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದು ಆಚೆ ಕೋಣೆಯಲ್ಲಿದ್ದ ನನಗೂ ಕೇಳಿತು. ಮೈಕಾಸುರ ಎಂದು ನಿನಗೆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ದಿನಕ್ಕೆ ಎರಡು ಪುಟ ಓದುತ್ತಾರೆ, ಓದಿದ್ದರಲ್ಲಿ ತಪ್ಪು ಹುಡುಕುತ್ತಾರೆ, ಸಿಕ್ಕಿದರೆ ಅವತ್ತಿಡೀ ಖುಷಿಯಾಗಿರುತ್ತಾರೆ. ಅಮ್ಮ ಮಾತ್ರ ಚೆನ್ನಾಗಿಲ್ಲ. ಬುಧವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಯಾಕೆ ಎಂದು ನಿನಗೆ ಗೊತ್ತಿರಬೇಕು. ನಿನ್ನನ್ನು ಕೆಲಸದಿಂದ ತೆಗೆದದ್ದರ ಬಗ್ಗೆ ಮುಂದಿನ ಗುರುವಾರ ನಡೆಯುವ ವಿಚಾರಣೆಗೆ ಬರುತ್ತೇನೆ ಎಂದೆಯಂತೆ, ಸರಿ. ಆಮೇಲೆ ಹೇಳಿದ ಮಾತು ಇದೆಯಲ್ಲ, “ಮೇಸ್ತ್ರಿ ಬರೆಸಿದ ಸುಳ್ಳನ್ನ ಅವನ ಮೈಮೇಲೇ ನಿಜ ಮಾಡಿ ತೋರಿಸ್ತೀನಿ, ಆಮೇಲೆ ಏನಾದ್ರೂ ಆಗಲಿ,” ಅದನ್ನು ಅಮ್ಮ ನನಗೆ ಮೂರು ಸಲ ಹೇಳಿದಳು, ಮೂರು ಸಲವೂ ಒಂದಕ್ಷರ ಬದಲಾಗಲಿಲ್ಲ. ನೀನು ಬಾಯಲ್ಲಿ ಎಷ್ಟು ಕೂಗಿದರೂ ಇವತ್ತಿನವರೆಗೆ ಯಾರ ಮೇಲೂ ಕೈ ಎತ್ತಿದವನಲ್ಲ. ಆದರೆ ಮೂರು ತಿಂಗಳು ಒಬ್ಬನೇ ಕೂತು ಸಿಟ್ಟು ಕುದಿಸಿದವನ ಕೈ ಹೇಗಿರುತ್ತದೋ ನನಗೆ ಗೊತ್ತಿಲ್ಲ. ವಿಚಾರಣೆಯ ದಿನವೇ ನೀನು ಮೇಸ್ತ್ರಿಗೆ ಒಂದು ಏಟು ಹಾಕಿದರೆ ವಾಪಸು ಸಿಗಬಹುದಾದ ಕೆಲಸವೂ ಹೋಯಿತು, ಮಾನವೂ ಹೋಯಿತು, ಮುಂದಿನದನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ಅದನ್ನು ತಡೆಯಲೆಂದೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೆ ಕೂಗುತ್ತೀಯ, ನಾನು ಮೂರನೇ ಮಾತಿಗೆ ಇಟ್ಟುಬಿಡುತ್ತೇನೆ. ಕಾಗದವಾದರೆ ನೀನು ಎಷ್ಟು ಕೂಗಿದರೂ ಅದು ಕೊನೆಯವರೆಗೆ ಮಾತಾಡುತ್ತದೆ. ಅದಕ್ಕೇ ದಯವಿಟ್ಟು ಕೂತುಕೊಂಡು ಪೂರ್ತಿ ಓದು, ನಡುವೆ ಎದ್ದು ಹೋಗಬೇಡ.

ಮೊದಲೇ ಹೇಳಿಬಿಡುತ್ತೇನೆ. ಮೇಸ್ತ್ರಿ ಏನೂ ಬರೆಸಲಿಲ್ಲ. ಬರೆದವಳು ನಾನು.

ಡಿಸೆಂಬರಿನ ಆ ದಿನ ನಿನಗೆ ಎಷ್ಟು ನೆನಪಿದೆಯೋ ನನಗೂ ಅಷ್ಟೇ ನೆನಪಿದೆ, ನನ್ನ ಗಾಜಿನ ಕ್ಯಾಬಿನ್ನಿನಿಂದ ಇಡೀ ಶೆಡ್ಡು ಕಾಣುತ್ತದಲ್ಲ. ಆಸ್ಪತ್ರೆಯ ವ್ಯಾನು ಬಾಗಿಲಲ್ಲಿ ಕಾಯುತ್ತಿತ್ತು. ದೊಡ್ಡ ಇಸ್ತ್ರಿ ರೋಲರಿಗೆ ಬೆಡ್‌ಶೀಟು ಬಿಡುವ ಹೆಂಗಸಿನ ಕೈಯಲ್ಲಿ ಒಂದು ಶೀಟು ಮಡಚಿಕೊಂಡು ಸಿಕ್ಕಿಹಾಕಿಕೊಂಡಿತು. ಯಂತ್ರ ನಿಲ್ಲಿಸುವುದು ಬೇಡ, ಹಾಗೇ ಎಳೆ ಎಂದು ಮೇಸ್ತ್ರಿ ಹೇಳಿದ. ಅವಳ ಬೆರಳು ರೋಲರಿಗೆ ನಾಲ್ಕು ಅಂಗುಲ ದೂರ ಇತ್ತು. ನೀನು ಡ್ರೈಯರ್ ಕಡೆಯಿಂದ ಓಡಿಬಂದು ಕೆಂಪು ಗುಂಡಿ ಒತ್ತಿದೆ. ಕಾದ ರೋಲರು ಇದ್ದಕ್ಕಿದ್ದಂತೆ ನಿಂತು ಒಳಗಿದ್ದ ಶೀಟು ಸುಟ್ಟು ಕಂದುಬಣ್ಣಕ್ಕೆ ತಿರುಗಿತು. ಆಮೇಲೆ ನೀವಿಬ್ಬರೂ ಶುರು ಮಾಡಿದಿರಿ. ಯಂತ್ರ ನಿಂತಿದ್ದರಿಂದ ನಿಮ್ಮ ಮಾತು ಎಲ್ಲರಿಗೂ ಕೇಳಿತು. ಅಲ್ಲಿ ದಿನಾ ಎಲ್ಲರೂ ಕೂಗಿಯೇ ಮಾತಾಡುವುದು, ಆ ಸದ್ದಿನಲ್ಲಿ ಟೀ ಕುಡಿದೆಯಾ ಎಂದು ಕೇಳಬೇಕಾದರೂ ಗಂಟಲು ಹರಿದುಕೊಳ್ಳಬೇಕು. ಸದ್ದಿಲ್ಲದಾಗಲೂ ಅದೇ ಗಂಟಲಿನಲ್ಲಿ ನೀವು ಐದು ನಿಮಿಷ ಒಬ್ಬರ ಜನ್ಮ ಒಬ್ಬರು ಜಾಲಾಡಿದಿರಿ. ನಿಮ್ಮಿಬ್ಬರ ನಡುವೆ ಒಂದು ಟ್ರಾಲಿ ಇತ್ತು. ಆ ಐದು ನಿಮಿಷವೂ ನಿನ್ನ ಎರಡು ಕೈ, ಅವನ ಎರಡು ಕೈ, ನಾಲ್ಕೂ ಟ್ರಾಲಿಯ ಕಂಬಿಯ ಮೇಲಿದ್ದವು. ನಾನು ನೋಡಿದ್ದೇನೆ.

ಸಂಜೆ ಮೇಸ್ತ್ರಿ ಎಂದಿನಂತೆ ಕ್ಯಾಬಿನ್ನಿನ ಕಿಟಕಿಗೆ ಬಂದ. ಇಷ್ಟು ವರ್ಷ ಅವನು ಹೇಗೆ ಹೇಳುತ್ತಿದ್ದನೋ ಹಾಗೇ ಹೇಳಿದ, “ಇವತ್ತೊಂದು ಗಲಾಟೆ ಆಯ್ತು, ಬರ್ಕೊಳ್ಳಿ ಮೇಡಂ.” ಅಷ್ಟೇ. ಅವನಿಗೆ ಇಂಗ್ಲಿಷ್ ಬಾರದು. ನಾನು ಏನು ಬರೆಯುತ್ತೇನೆ ಎಂದು ಅವನು ಒಂದು ದಿನವೂ ಕೇಳಿದವನಲ್ಲ, ಕೆಳಗೆ ಸಹಿ ಹಾಕಿ ಹೋಗುತ್ತಾನೆ. ಅವನು ಗಲಾಟೆ ಎಂದು ಹೇಳುವುದು, ನಾನು ಅದಕ್ಕೊಂದು ಇಂಗ್ಲಿಷ್ ಪದ ಕೊಟ್ಟು ಘಟನಾ ಪುಸ್ತಕದಲ್ಲಿ ಬರೆಯುವುದು, ಶನಿವಾರ ಅದರ ನಕಲು ಹೆಡ್ ಆಫೀಸಿಗೆ ಹೋಗುವುದು. ಹನ್ನೊಂದು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ಈಗ ಪದಗಳ ವಿಷಯ ಹೇಳಬೇಕು. ನಗಬೇಡ, ನಗುವ ವಿಷಯವೂ ಅಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಎಲ್ಲ ಜಗಳಕ್ಕೂ ಕ್ವಾರಲ್, ಕ್ವಾರಲ್ ಎಂದೇ ಬರೆದಿದ್ದೆ. ಒಂದು ಪುಟ ತುಂಬಿದ ಮೇಲೆ ನೋಡಿದರೆ ನನಗೇ ನಾಚಿಕೆಯಾಯಿತು. ಅಪ್ಪ ಇಂಗ್ಲಿಷ್ ಮೇಷ್ಟರಾಗಿದ್ದಾಗ ನಮ್ಮಿಬ್ಬರಿಗೂ ಹೇಳಿಕೊಟ್ಟದ್ದು ನೆನಪಿದೆಯಲ್ಲ? ಒಂದು ಪುಟದಲ್ಲಿ ಒಂದೇ ಪದ ಎರಡು ಸಲ ಬಂದರೆ ಬರೆದವನ ಹತ್ತಿರ ಬೇರೆ ಪದ ಇಲ್ಲ ಎಂದು ಅರ್ಥ, ಅರ್ಧ ಮಾರ್ಕು ಕಟ್. ನೀನು ಆ ಅರ್ಧ ಮಾರ್ಕುಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ನಾನು ಒಂದನ್ನೂ ಬಿಟ್ಟುಕೊಟ್ಟವಳಲ್ಲ. ಅಪ್ಪನ ದಪ್ಪ ನಿಘಂಟು ತೆಗೆದು ಜಗಳಕ್ಕೆ ಎಷ್ಟು ಪದ ಇವೆ ಎಂದು ಹುಡುಕಿದೆ. ಇಂಗ್ಲಿಷಿನವರು ಜಗಳದಲ್ಲಿ ನಮಗಿಂತ ಏನೂ ಕಡಿಮೆ ಇಲ್ಲ ಕಣೋ. ಒಂದು ಚೀಟಿಯಲ್ಲಿ ಆರು ಪದ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟೆ: ಕ್ವಾರಲ್, ಸ್ಕ್ವಾಬಲ್, ರೌ, ರಂಪಸ್, ಆಲ್ಟರ್ಕೇಶನ್, ಬ್ರಾಲ್. ಒಂದಾದ ಮೇಲೆ ಒಂದು, ಆರು ಮುಗಿದರೆ ಮತ್ತೆ ಮೊದಲಿನಿಂದ. ಯಾರು ಜಗಳವಾಡಿದರು, ಎಷ್ಟು ಜೋರಾಗಿ ಆಡಿದರು ಎಂಬುದಕ್ಕೂ ಪದಕ್ಕೂ ಸಂಬಂಧವೇ ಇರಲಿಲ್ಲ. ಸರದಿಯಲ್ಲಿ ಯಾವುದು ಬಂತೋ ಅದು. ಪುಟ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದರೆ ಹಳೆಯ ಮ್ಯಾನೇಜರು ನನ್ನ ಇಂಗ್ಲಿಷನ್ನು ಎರಡು ಸಲ ಹೊಗಳಿದ್ದರು.

ನನಗೆ ಅರ್ಥ ಗೊತ್ತಿರಲಿಲ್ಲ ಎಂದಲ್ಲ. ಎಲ್ಲ ಜೋರು ಜಗಳವೇ, ಒಂದೊಂದಕ್ಕೂ ಒಂದೊಂದು ಹದ. ಸ್ಕ್ವಾಬಲ್ ಎಂದರೆ ಸಣ್ಣ ವಿಷಯಕ್ಕೆ ಮಕ್ಕಳ ಹಾಗೆ ಕಿತ್ತಾಡುವುದು, ನಾನೂ ನೀನೂ ಬಚ್ಚಲುಮನೆಗೆ ಮೊದಲು ಯಾರು ಹೋಗಬೇಕೆಂದು ದಿನಾ ಮಾಡುತ್ತಿದ್ದೆವಲ್ಲ, ಅದು. ರೌ ಎಂದರೆ ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಕೂಗಾಟ, ಬರೀ ಕೂಗಾಟ. ರಂಪಸ್ ಅಂತೂ ನಮ್ಮ ರಂಪವೇ, ಇಡೀ ಜಾಗವನ್ನು ಎಬ್ಬಿಸಿ ಕೂರಿಸುವುದು. ಆಲ್ಟರ್ಕೇಶನ್ ಕಚೇರಿಯ ಕಾಗದದಲ್ಲಿ ಬರುವ ವಾಗ್ವಾದ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡ ಜಗಳ. ಬ್ರಾಲ್ ಮಾತ್ರ ಕೈಗೆ ಕೈ ಹತ್ತಿದ್ದು, ಹೊಡೆದಾಟ. ನಮ್ಮ ಭಾಷೆಯಲ್ಲಾದರೆ ಕಿತ್ತಾಟಕ್ಕೂ ಹೊಡೆದಾಟಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಇಬ್ಬರು ಹೆಂಗಸರು ಸ್ಟೂಲಿಗಾಗಿ ಮಾತಾಡಿಕೊಂಡದ್ದನ್ನು ಹೊಡೆದಾಟ ಎಂದು ಬರೆ ಎಂದರೆ ನನ್ನ ಕೈ ಏಳುತ್ತಿರಲಿಲ್ಲ. ಇಂಗ್ಲಿಷಿನಲ್ಲಾದರೆ ಅಂಥದ್ದೂ ಸುಮ್ಮನೆ ಬರುತ್ತಿತ್ತು, ಏಕೆಂದರೆ ಅದನ್ನು ಯಾರೂ ಓದುವುದಿಲ್ಲ ಎಂದು ನಾನು ತಿಳಿದಿದ್ದೆ. ಹತ್ತು ವರ್ಷ ಓದಿಯೂ ಇರಲಿಲ್ಲ. ಕಳೆದ ನವೆಂಬರಿನಲ್ಲಿ ಹೆಡ್ ಆಫೀಸಿನಲ್ಲಿ ಜನ ಬದಲಾದರು, ಕೈ ಮಾಡಿದವರನ್ನು ಕೇಳದೆ ಹೇಳದೆ ತೆಗೆಯಲಾಗುವುದು ಎಂದು ಸುತ್ತೋಲೆ ಬಂತು, ಅವರು ನಕಲುಗಳನ್ನು ಓದಲು ಶುರು ಮಾಡಿದರು. ನಿನ್ನ ಹೆಸರಿನ ಮುಂದೆ ಬ್ರಾಲ್ ಎಂದಿತ್ತು, ವರದಿ ಕೊಟ್ಟವನೆಂದು ಕೆಳಗೆ ಮೇಸ್ತ್ರಿಯ ಸಹಿ ಇತ್ತು. ಒಂದು ವಾರದೊಳಗೆ ನಿನ್ನನ್ನು ಕೆಲಸದಿಂದ ತೆಗೆದ ಕಾಗದ ಬಂತು.

ಆ ಕಾಗದವನ್ನು ಅಪ್ಪ ಭೂತಗನ್ನಡಿ ಹಿಡಿದು ಓದಿ ಅರ್ಥ ಹೇಳಿದಾಗ ನಾನು ಒಲೆಯ ಹತ್ತಿರ ನಿಂತಿದ್ದೆ. ಮೇಸ್ತ್ರಿ ಸುಳ್ಳು ಬರೆಸಿದ್ದಾನೆ ಎಂದು ನೀನು ಕಿರುಚಿದೆ. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ತಪ್ಪಲ್ಲ ಬಿಡಕ್ಕ, ಅವನು ಹೇಳಿದ್ದನ್ನ ಬರೆಯೋದು ನಿನ್ನ ಕೆಲಸ” ಎಂದೆ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ, ಮರುದಿನ ನೀನು ಚೀಲ ತುಂಬಿಕೊಂಡು ಹೊರಟೇಹೋದೆ. ಆಮೇಲೆ ಭಯ ಶುರುವಾಯಿತು. ನಿನ್ನ ಸಂಬಳ ನಿಂತಿದೆ, ನಾನು ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಯಿತು, ಈಗ ನನ್ನದೂ ನಿಂತರೆ ಅಪ್ಪನ ಕಣ್ಣಿನ ಔಷಧಿಗೆ ಯಾರ ಮುಂದೆ ಕೈಯೊಡ್ಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಾದ ಕಾರಣವೂ ಹೌದು, ಒಳ್ಳೆಯ ನೆಪವೂ ಹೌದು. ಜನವರಿಯಲ್ಲಿ ಒಂದು ಭಾನುವಾರ ಮೇಸ್ತ್ರಿ ನಮ್ಮ ಮನೆಯ ಬಾಗಿಲಿಗೆ ಬಂದಿದ್ದ. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. “ನಿಮ್ಮ ಮಗ ನನ್ನ ಮುಟ್ಟಿಲ್ಲಮ್ಮ, ಮುಟ್ಟಿದ ಅಂತ ನಾನು ಯಾರಿಗೂ ಹೇಳೂ ಇಲ್ಲ” ಎಂದ. ಅಮ್ಮ ಅವನ ಮುಖಕ್ಕೇ ಬಾಗಿಲು ಹಾಕಿದಳು. ನಾನು ಒಳಗೆ ನಿಂತು ಕೇಳುತ್ತಿದ್ದೆ. ಈ ಮೂರು ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಅವನ ಹೆಂಡತಿಯ ಜೊತೆ ಯಾರೂ ಮಾತಾಡುತ್ತಿಲ್ಲ. ಅಂಗಡಿಯಲ್ಲಿ ನನ್ನನ್ನು ಕಂಡರೆ ಅವಳೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಪ್ರತಿ ಸಲವೂ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತದೆ.

ಇನ್ನೊಂದು ವಿಷಯ ಕೇಳು. ಈ ವಿಚಾರಣೆ ಹೇಗೆ ಬಂತು ಎಂದುಕೊಂಡಿದ್ದೀಯ? ನಿನ್ನ ಅರ್ಜಿಯಿಂದ ಬಂದದ್ದಲ್ಲ, ನಿನ್ನ ಅರ್ಜಿಗೆ ಉತ್ತರವನ್ನೂ ಅವರು ಬರೆಯಲಿಲ್ಲ. ಮೇಸ್ತ್ರಿಯೇ ಯಾರ ಕೈಯಿಂದಲೋ ಇಂಗ್ಲಿಷಿನಲ್ಲಿ ಬರೆಸಿ ಹೆಡ್ ಆಫೀಸಿಗೆ ಕಳಿಸಿದ್ದಾನೆ. ಆ ಹುಡುಗ ನನ್ನ ಮೇಲೆ ಕೈ ಮಾಡಲಿಲ್ಲ, ರೋಲರು ನಿಲ್ಲಿಸಬೇಡ ಎಂದದ್ದು ನನ್ನ ತಪ್ಪು, ಅವನು ನಿಲ್ಲಿಸಿದ್ದೇ ಸರಿ ಎಂದು. ಆ ಕಾಗದಕ್ಕೆ ಅವನಿಗೆ ಏನು ಶಿಕ್ಷೆ ಕಾದಿದೆಯೋ. ಅಂಥವನ ಮೈ ಮುಟ್ಟಲು ನೀನು ಬಸ್ಸು ಹತ್ತಿ ಬರುತ್ತೀಯ?

ಅವನ ಕಾಗದ ನೋಡಿ ಹೆಡ್ ಆಫೀಸಿನಿಂದ ಒಬ್ಬ ಹೆಂಗಸು ಬಂದಿದ್ದಾರೆ, ವಿಚಾರಣೆ ಅಧಿಕಾರಿ. ನನ್ನಷ್ಟೇ ವಯಸ್ಸು, ತೆಳ್ಳಗೆ ಇದ್ದಾರೆ, ಮೆಲ್ಲಗೆ ಮಾತಾಡುತ್ತಾರೆ. ಅವರು ಮೆಲ್ಲಗೆ ಮಾತಾಡುವುದೇ ನನಗೆ ಹೆದರಿಕೆ. ನಿನ್ನೆ ಬೆಳಿಗ್ಗೆ ಕ್ಯಾಬಿನ್ನಿಗೆ ಬಂದು ಹಳೆಯ ಹತ್ತು ಪುಸ್ತಕಗಳನ್ನೂ ತರಿಸಿಕೊಂಡು ನನ್ನ ಎದುರಿಗೇ ಕೂತರು. ಒಂದು ಗಂಟೆ ಪುಟ ತಿರುವಿದರು, ಬಿಳಿ ಹಾಳೆಯ ಮೇಲೆ ಏನೋ ಗೆರೆ ಹಾಕುತ್ತಿದ್ದರು. ನಾನು ಟೀ ತರಿಸಿದೆ, ಅವರು ಮುಟ್ಟಲಿಲ್ಲ. ನನ್ನದೂ ಆರಿತು. ಆಮೇಲೆ ತಲೆಯೆತ್ತಿ ಕೇಳಿದರು, “ನಿಮ್ಮಲ್ಲಿ ಸರಿಯಾಗಿ ಪ್ರತಿ ಆರನೇ ಜಗಳಕ್ಕೆ ಮಾತ್ರ ಹೊಡೆದಾಟ ಆಗುತ್ತಲ್ಲ, ಅದು ಹೇಗೆ?”

ಮೊದಲ ತಿಂಗಳು ಬಿಟ್ಟರೆ ಹತ್ತು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪಿಲ್ಲವಂತೆ. ಮೇಜಿನ ಗಾಜು ಎತ್ತಿ ಚೀಟಿ ತೆಗೆದು ಅವರ ಮುಂದಿಟ್ಟೆ. ಎಲ್ಲ ಹೇಳಿದೆ, ಅಪ್ಪನ ಅರ್ಧ ಮಾರ್ಕಿನವರೆಗೆ. ಅವರು ನಗುತ್ತಾರೋ ಬಯ್ಯುತ್ತಾರೋ ಎಂದು ಕಾದೆ, ಎರಡೂ ಮಾಡಲಿಲ್ಲ. ಹೇಳಿದ್ದನ್ನೆಲ್ಲ ಬರೆದುಕೊಡಿ ಎಂದರು. ಪದಗಳನ್ನು ಸರದಿಯ ಪ್ರಕಾರ ಬರೆಯುತ್ತಿದ್ದೆ, ನನ್ನ ತಮ್ಮನ ಜಗಳಕ್ಕೂ ಸರದಿಯಲ್ಲಿ ಬಂದ ಪದ ಬಿತ್ತು, ನಿಜವಾಗಿ ಯಾರೂ ಯಾರನ್ನೂ ಮುಟ್ಟಲಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅದನ್ನು ಎರಡು ಸಲ ಓದಿದರು. ಇದು ಬೇಜವಾಬ್ದಾರಿ, ಆದರೆ ದುರುದ್ದೇಶ ಅಲ್ಲ, ನಿಮಗೊಂದು ಎಚ್ಚರಿಕೆಯ ಕಾಗದ ಬರುತ್ತದೆ ಅಷ್ಟೇ ಎಂದರು. ಗುರುವಾರ ಹತ್ತು ಗಂಟೆಗೆ ನೀನೂ ಮೇಸ್ತ್ರಿಯೂ ಬಂದು ಅದನ್ನೇ ಬಾಯಿಮಾತಿನಲ್ಲಿ ಹೇಳಿದರೆ ನಿನ್ನನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಅಡ್ಡಿ ಇಲ್ಲವಂತೆ.

ಮನೆಗೆ ಬಂದು ಅಪ್ಪ ಅಮ್ಮನಿಗೂ ಹೇಳಿದೆ. ಅಮ್ಮ ಎದ್ದುಹೋಗಿ ಬಟ್ಟೆ ಮಡಚಲು ಕೂತಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಅಪ್ಪ ಚೀಟಿ ಎಲ್ಲಿ ಎಂದು ಕೇಳಿದರು. ಅಧಿಕಾರಿಯ ಹತ್ತಿರ ಇದೆ ಎಂದೆ. ಬಾಯಲ್ಲಿ ಹೇಳು ಎಂದರು, ಆರೂ ಪದ ಹೇಳಿದೆ, ಚಿಕ್ಕವಳಿದ್ದಾಗ ಪಾಠ ಒಪ್ಪಿಸಿದ ಹಾಗೆ. ಕಣ್ಣು ಮುಚ್ಚಿಕೊಂಡು ಕೇಳಿ, “ನಾನು ಹೇಳಿಕೊಟ್ಟಿದ್ದು ಪ್ರಬಂಧ ಬರೆಯೋದಕ್ಕೆ ಕಣಮ್ಮ” ಎಂದರು. ಬಯ್ದಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಅವರೇ ಕೋಲು ಹಿಡಿದುಕೊಂಡು ಮೇಸ್ತ್ರಿಯ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬಂದರು. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ.

ಆದ್ದರಿಂದ ನೀನು ಬರಲೇಬೇಕು, ಆದರೆ ಆ ಸಿಟ್ಟು ಹೊತ್ತುಕೊಂಡು ಬರಬೇಡ. ಬುಧವಾರ ಸಂಜೆಯ ಬಸ್ಸಿಗೆ ಬಾ, ನಿನ್ನ ಹಾಸಿಗೆ ಹಾಗೇ ಇದೆ. ಮೇಸ್ತ್ರಿ ಎದುರಿಗೆ ಸಿಕ್ಕಿದರೆ ಅವನಿಗೆ ಕ್ಷಮೆ ಕೇಳಬೇಕಾದವಳು ನಾನು, ನೀನು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರೆ ಸಾಕು. ಕೂಗಬೇಕು ಎನ್ನಿಸಿದರೆ ನನ್ನ ಮೇಲೆ ಕೂಗು, ಎಷ್ಟು ಹೊತ್ತಾದರೂ ಸರಿ, ನಾನು ಎದ್ದು ಹೋಗುವುದಿಲ್ಲ. ಮೂಟೆ ಹೊರುವಾಗ ಎಡಭುಜಕ್ಕೆ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಅಂಚೆಯವನು ಡಬ್ಬಿ ತೆರೆಯಲು ಇನ್ನು ಕಾಲು ಗಂಟೆ ಇದೆ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೋ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅಧಿಕಾರಿಗೆ ಬರೆದುಕೊಟ್ಟದ್ದರಲ್ಲೂ ಅದೇ ಸುಳ್ಳು. ಅವರು ಎಣಿಸಿದ್ದು ಹಳೆಯ ಹತ್ತು ಪುಸ್ತಕ. ಕಳೆದ ಏಪ್ರಿಲಿನಲ್ಲಿ ಶುರುವಾದ ಈ ವರ್ಷದ್ದನ್ನು ಎಣಿಸಲಿಲ್ಲ, ನನ್ನ ಮಾತು ನಂಬಿದರು. ಅದರಲ್ಲಿ ನಿನ್ನ ಜಗಳಕ್ಕೆ ಮೊದಲು ಬಂದದ್ದು ಸ್ಟೂಲಿನ ಜಗಳ, ಸ್ಕ್ವಾಬಲ್. ನಿನ್ನ ಸರದಿಗೆ ಬರಬೇಕಾಗಿದ್ದದ್ದು ರೌ. ಬರೀ ಕೂಗಾಟ. ಸರದಿಯ ಪದವೂ ಅದೇ, ನಡೆದದ್ದೂ ಅದೇ. ನಾನು ಅದನ್ನು ದಾಟಿ ಹೋಗಿ ಬ್ರಾಲ್ ಎಂದು ಬರೆದೆ. ಅವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ನೀನು, “ಗಂಡನ್ನ ಬಿಟ್ಟು ಬಂದವಳ ಹತ್ರ ಬುದ್ಧಿ ಹೇಳಿಸ್ಕೊಳ್ಳೋ ಗತಿ ನನಗಿಲ್ಲ” ಎಂದು ಕೂಗಿದೆ, ಕೆಳಗಿನ ಮನೆಯವರು ಬಾಗಿಲು ತೆರೆದು ನನ್ನನ್ನು ನೋಡಿದರು. ನಿನಗೆ ಅದು ನೆನಪೇ ಇಲ್ಲದಿರಬಹುದು. ಸಂಜೆ ಪೆನ್ನು ಹಿಡಿದಾಗ ನನಗೆ ನೆನಪಿತ್ತು. ಸುತ್ತೋಲೆ ಗೋಡೆಗೆ ಅಂಟಿಸಿದವಳೂ ನಾನೇ, ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಇದನ್ನು ಹೇಳದಿದ್ದರೂ ನಿನಗೆ ಕೆಲಸ ಸಿಗುತ್ತದೆ, ಹೇಳಿದರೆ ನನ್ನದು ಹೋಗುತ್ತದೆ. ಗುರುವಾರ ಹೇಳಬೇಕೆಂದು ಇದ್ದೇನೆ. ಆದರೆ ನೀನು ಎದುರಿಗೆ ಇಲ್ಲದಿದ್ದರೆ ನಾನು ಹೇಳುವುದಿಲ್ಲ, ನನ್ನ ಗುಣ ನನಗೆ ಗೊತ್ತು. ಬಾ.